ಆಫ್‌ರೋಡ್ ವಾಹನಗಳ ಆಮದು ಮತ್ತು ನೋಂದಣಿ

ಹೊಲ, ಕಾಡು, ಮರಳು, ಹಿಮ, ಕೆಸರುಗಳಲ್ಲಿ ಓಡಾಡಲೆಂದೇ ಕಟ್ಟಿದ ವಾಹನವನ್ನು ಒಂದು ದೇಶದಿಂದ ಇನ್ನೊಂದಕ್ಕೆ ತಂದು ಅಲ್ಲಿನ ಸಾರ್ವಜನಿಕ ರಸ್ತೆಗೆ ಇಳಿಸಲು ಬೇಕಾದ ಕಾನೂನು ಕ್ರಮ. ಕಸ್ಟಮ್ಸ್ ಸುಂಕ, ಸುರಕ್ಷತೆ ಮತ್ತು ಹೊಗೆಯ ಪರೀಕ್ಷೆ, ನೋಂದಣಿ ಸಂಖ್ಯೆ, ವಿಮೆ, ಚಾಲಕನ ಲೈಸೆನ್ಸು ಎಲ್ಲವೂ ಇದರೊಳಗೆ ಬರುತ್ತವೆ. ಬಹುತೇಕ ದೇಶಗಳು ತಮ್ಮ ಮೋಟಾರು ಕಾನೂನನ್ನು ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರು, ದ್ವಿಚಕ್ರಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿವೆ. ಈ ಯಾವ ಗೂಡಿನಲ್ಲೂ ಸರಿಯಾಗಿ ಕೂರದ ವಾಹನ ಬಂದರಿನಲ್ಲಿ ಇಳಿದಾಗ ಮೊದಲು ಏಳುವ ಪ್ರಶ್ನೆ, ಇದನ್ನು ಏನೆಂದು ಬರೆದುಕೊಳ್ಳುವುದು? ತೆರಿಗೆ ಎಷ್ಟು, ಯಾವ ಪರೀಕ್ಷೆ, ಎಷ್ಟು ವೇಗ, ಯಾರು ಓಡಿಸಬಹುದು ಎಂಬ ಪ್ರಶ್ನೆಗಳೆಲ್ಲ ಆ ಉತ್ತರದ ಬೆನ್ನು ಹಿಡಿದು ಬರುತ್ತವೆ.

ಹೆಸರಿನಲ್ಲಿರುವ ಹಣೆಬರಹ

ಇದಕ್ಕೆ ಒಳ್ಳೆಯ ಉದಾಹರಣೆ ಜರ್ಮನಿಯ ಊನಿಮೋಗ್. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ ಆಲ್ಬರ್ಟ್ ಫ್ರೀಡ್ರಿಕ್ ಎಂಬ ಎಂಜಿನಿಯರ್ ಇದನ್ನು ರೈತರಿಗಾಗಿ ರೂಪಿಸಿದ. ಎಡ ಬಲ ಚಕ್ರಗಳ ನಡುವಿನ ಅಂತರವನ್ನು 1,270 ಮಿಲಿಮೀಟರಿಗೆ ನಿಗದಿ ಮಾಡಿದ್ದು ಆಲೂಗಡ್ಡೆಯ ಎರಡು ಸಾಲುಗಳ ಲೆಕ್ಕ ಹಿಡಿದು. ಹೊಲದಲ್ಲಿ ನೇಗಿಲು ಎಳೆಯಬೇಕು, ಕೊಯ್ಲಾದ ಮೇಲೆ ಅದೇ ಗಾಡಿ ಫಸಲು ಹೇರಿಕೊಂಡು ಗಂಟೆಗೆ 50 ಕಿ.ಮೀ. ವೇಗದಲ್ಲಿ ಪೇಟೆಗೆ ಹೋಗಬೇಕು ಎಂಬುದು ಅವನ ಆಸೆ. 1948ರಲ್ಲಿ ಬೋರಿಂಗರ್ ಕಂಪನಿ ತಯಾರಿಕೆ ಆರಂಭಿಸಿತು. 1951ರಲ್ಲಿ ಡೈಮ್ಲರ್-ಬೆನ್ಜ್ ಅದನ್ನು ಗಾಗೆನೌ ಕಾರ್ಖಾನೆಗೆ ಒಯ್ದಿತು. ಅಂದಿನಿಂದ ಈ ವಾಹನ ಒಂದು ಕಡೆ ಕೃಷಿ ಟ್ರ್ಯಾಕ್ಟರು, ಇನ್ನೊಂದು ಕಡೆ ಲಾರಿ, ಮತ್ತೊಂದು ಕಡೆ ಅಗ್ನಿಶಾಮಕ, ಮಗದೊಂದು ಕಡೆ ಮನೆಯನ್ನೇ ಬೆನ್ನ ಮೇಲೆ ಹೊತ್ತ ಪ್ರವಾಸಿ ಗಾಡಿ. ಎಂಜಿನ್ನು, ಆಕ್ಸಲು, ಗೇರ್‌ಬಾಕ್ಸು ಯಾವುದೂ ಬದಲಾಗಿರುವುದಿಲ್ಲ. ನೋಂದಣಿ ಪತ್ರದ ಒಂದು ಸಾಲು ಬದಲಾಗಿರುತ್ತದೆ, ಅಷ್ಟಕ್ಕೇ ತೆರಿಗೆಯೂ ವೇಗದ ಮಿತಿಯೂ ಬೇರೆಯಾಗುತ್ತವೆ.

ಯುರೋಪಿಯನ್ ಒಕ್ಕೂಟ ಈ ಗೂಡುಗಳನ್ನು ಅಕ್ಷರಗಳಿಂದ ಗುರುತಿಸುತ್ತದೆ. ಪ್ರಯಾಣಿಕರ ವಾಹನ ಎಂ, ಸರಕಿನದು ಎನ್, ಕೃಷಿ ಮತ್ತು ಅರಣ್ಯದ ಟ್ರ್ಯಾಕ್ಟರು ಟಿ, ಎರಡು ಮೂರು ಚಕ್ರದವು ಮತ್ತು ಹಗುರ ನಾಲ್ಕು ಚಕ್ರದವು ಎಲ್. ಎಂ ಅಥವಾ ಎನ್ ಮುಂದೆ ಜಿ ಅಕ್ಷರ ಸೇರಿದರೆ ಆಫ್‌ರೋಡ್ ವಾಹನ ಎಂದರ್ಥ. ಈ ಒಂದಕ್ಷರವನ್ನು ಗಳಿಸುವುದು ಸುಲಭವಲ್ಲ. ಹಗುರ ವಾಹನವಾದರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳೆರಡಕ್ಕೂ ಎಂಜಿನ್ನಿನ ಬಲ ಹೋಗಬೇಕು, ಡಿಫರೆನ್ಷಿಯಲ್ ಲಾಕ್ ಅಥವಾ ಅದರಂತೆಯೇ ಕೆಲಸ ಮಾಡುವ ಏರ್ಪಾಡು ಇರಬೇಕು. ಇದರ ಮೇಲೆ ಆರು ಅಳತೆಗಳಲ್ಲಿ ಐದನ್ನಾದರೂ ದಾಟಬೇಕು: ಮುಂದಿನ ಬಂಪರು ತಾಗದೆ ದಿಬ್ಬ ಏರುವ ಕೋನ 25 ಡಿಗ್ರಿ, ಹಿಂಭಾಗ ತಾಗದೆ ಇಳಿಯುವ ಕೋನ 20 ಡಿಗ್ರಿ, ಹೊಟ್ಟೆ ತಾಗದೆ ದಿಣ್ಣೆ ದಾಟುವ ಕೋನ 20 ಡಿಗ್ರಿ, ಎರಡೂ ಆಕ್ಸಲುಗಳ ಕೆಳಗೆ 180 ಮಿ.ಮೀ. ಜಾಗ, ಅವುಗಳ ನಡುವೆ 200 ಮಿ.ಮೀ. ಮಲೆನಾಡಿನ ಜೀಪು ಚಾಲಕ ಕಣ್ಣಳತೆಯಲ್ಲೇ ಅಂದಾಜು ಮಾಡುವುದನ್ನು ಇಲ್ಲಿ ಕೋನಮಾಪಕ ಹಿಡಿದು ಬರೆದಿದ್ದಾರೆ. ಆಫ್‌ರೋಡ್ ಎಂಬ ಮಾತು ಜಾಹೀರಾತಿನವರ ಬಾಯಿಯಲ್ಲಿ ಸವೆದುಹೋಗಿರುವ ಈ ಕಾಲದಲ್ಲಿ ಅದಕ್ಕೆ ಇಷ್ಟು ಖಚಿತವಾದ ಅರ್ಥ ಒಂದು ಕಡೆಯಾದರೂ ಉಳಿದಿರುವುದು ಸಮಾಧಾನದ ಸಂಗತಿ.

ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಎ.ಟಿ.ವಿ.ಗಳಿಗೆ ಯುರೋಪಿನಲ್ಲಿ ಎರಡು ಬಾಗಿಲುಗಳಿವೆ. ಎಲ್ ವರ್ಗದಲ್ಲಿ ಹಗುರ ನಾಲ್ಕು ಚಕ್ರದ ವಾಹನವಾಗಬಹುದು, ಇಲ್ಲವೇ ಟಿ ವರ್ಗದಲ್ಲಿ ಟ್ರ್ಯಾಕ್ಟರಾಗಬಹುದು. ಟಿ3 ಎಂದರೆ ಖಾಲಿ ತೂಕ 600 ಕಿಲೋ ಮೀರದ ಟ್ರ್ಯಾಕ್ಟರು. ಅದರ ಮುಂದೆ ಎ ಎಂದಿದ್ದರೆ ಗಂಟೆಗೆ 40 ಕಿ.ಮೀ.ವರೆಗಿನದು, ಬಿ ಎಂದಿದ್ದರೆ ಅದಕ್ಕಿಂತ ವೇಗದ್ದು. ನೇಗಿಲನ್ನು ಎಂದೂ ಕಾಣದ ಎಷ್ಟೋ ಎ.ಟಿ.ವಿ.ಗಳು ಅಲ್ಲಿ ಕಾಗದದ ಮೇಲೆ ಟ್ರ್ಯಾಕ್ಟರುಗಳೇ.

ಸ್ವೀಡನ್ನಿನಲ್ಲಿ ಇದೇ ಸಂಗತಿ ಒಂದು ಹಳ್ಳಿಗಾಡಿನ ಸಂಸ್ಕೃತಿಯಾಗಿ ಬೆಳೆದಿದೆ. ಹಳೆಯ ಕಾರನ್ನು ಗಂಟೆಗೆ 30 ಕಿ.ಮೀ. ಮೀರದಂತೆ ಮಾರ್ಪಡಿಸಿ, ಹಿಂದೆ ನಿಧಾನಗತಿಯ ವಾಹನದ ತ್ರಿಕೋನ ಫಲಕ ಹಾಕಿದರೆ ಅದು ಎ-ಟ್ರಾಕ್ಟರ್. ಹದಿನೈದು ತುಂಬಿದ ಹುಡುಗ ಹುಡುಗಿಯರು ಮೊಪೆಡ್ ದರ್ಜೆಯ ಲೈಸೆನ್ಸಿನಲ್ಲಿ ಇದನ್ನು ಓಡಿಸಬಹುದು. ಬಸ್ಸು ವಿರಳವಾದ ಉತ್ತರದ ಊರುಗಳಲ್ಲಿ ಶಾಲೆಗೆ ಹೋಗುವ ದಾರಿಯೇ ಇದು. ಅಪಘಾತಗಳು ಹೆಚ್ಚಿದ ಮೇಲೆ, 2023ರಿಂದ ಸೀಟುಬೆಲ್ಟ್ ಕಡ್ಡಾಯವಾಯಿತು. ಸೀಟಿದ್ದಷ್ಟೇ ಜನ ಕೂರಬೇಕೆಂಬ ನಿಯಮವೂ ಬಂತು.

ರಷ್ಯಾದಲ್ಲಿ ಗೆರೆ ಎಳೆದಿರುವುದು ವೇಗದ ಮೇಲೆ. ಗಂಟೆಗೆ 50 ಕಿ.ಮೀ. ದಾಟದ ಯಂತ್ರ ಸಂಚಾರ ಪೊಲೀಸರ ಬಳಿಗೆ ಹೋಗದೆ ಟ್ರ್ಯಾಕ್ಟರು, ಬುಲ್ಡೋಜರುಗಳನ್ನು ನೋಡಿಕೊಳ್ಳುವ ತಾಂತ್ರಿಕ ತನಿಖಾ ಇಲಾಖೆಗೆ ಹೋಗುತ್ತದೆ. ಆಳೆತ್ತರದ ಗಾಳಿಚಕ್ರಗಳ ಮೇಲೆ ನೀರಿನಲ್ಲಿ ತೇಲಿ, ಮಂಜುಗಡ್ಡೆಯ ಅಂಚು ಹತ್ತಿ ಬರುವ ಶೆರ್ಪ್ ಇಂಥ ಯಂತ್ರ. ಅದರಲ್ಲಿ ತಿರುಗುವ ಮುಂಚಕ್ರವೇ ಇಲ್ಲ. ಒಂದು ಬದಿಯ ಚಕ್ರಗಳನ್ನು ತಡೆದು ಇಡೀ ಗಾಡಿಯನ್ನು ಹೊರಳಿಸಬೇಕು.

ಜಿಮ್ನಿಯ ಪ್ರಯಾಣ

ಒಂದೇ ವಾಹನ ಕಾನೂನಿನ ಅಚ್ಚಿನಲ್ಲಿ ಹೇಗೆ ಮತ್ತೆ ಮತ್ತೆ ಎರಕವಾಗುತ್ತದೆ ಎಂಬುದನ್ನು ಸುಝುಕಿ ಜಿಮ್ನಿಯಲ್ಲಿ ಕಾಣಬಹುದು. ಜಪಾನಿನಲ್ಲಿ ಕೇ ಎಂಬ ಪುಟ್ಟ ವಾಹನಗಳ ವರ್ಗಕ್ಕೆ ತೆರಿಗೆ ಕಡಿಮೆ. ಅದಕ್ಕೆ ಬದಲಾಗಿ ಅಳತೆ ಬಿಗಿ. 1970ರಲ್ಲಿ ಮೊದಲ ಜಿಮ್ನಿ ಬಂದಾಗ ಎಂಜಿನ್ 360 ಸಿ.ಸಿ. ಮೀರುವಂತಿರಲಿಲ್ಲ, ಉದ್ದ 3 ಮೀಟರು ದಾಟುವಂತಿರಲಿಲ್ಲ. ಜೀಪುಗಳಲ್ಲಿ ಸ್ಟೆಪ್ನಿ ಹಿಂಬಾಗಿಲಿಗೆ ತೂಗುವುದು ವಾಡಿಕೆ. ಹಾಗೆ ತೂಗಿದರೆ ಮೂರು ಮೀಟರು ಮೀರುತ್ತದೆ. ಆದ್ದರಿಂದ ಸ್ಟೆಪ್ನಿಯನ್ನು ಒಳಗೆ ತಂದು ಹಿಂದಿನ ಸೀಟಿನ ಜಾಗದಲ್ಲಿ ನಿಲ್ಲಿಸಿದರು, ಮೂರೇ ಜನ ಕೂರುವಂತಾಯಿತು. ಕೇ ವರ್ಗದ ಮಿತಿ 1976ರಲ್ಲಿ 550 ಸಿ.ಸಿ.ಗೆ, 1990ರಲ್ಲಿ 660 ಸಿ.ಸಿ.ಗೆ ಏರಿತು, ಇಂದಿನ ಉದ್ದದ ಮಿತಿ 3.4 ಮೀಟರು.

ಈ ಕುಲದ ಇನ್ನೊಂದು ಕವಲು ಭಾರತದಲ್ಲಿ 1985ರಿಂದ ಮಾರುತಿ ಜಿಪ್ಸಿಯಾಗಿ ಓಡಿತು. ಪೊಲೀಸ್ ಠಾಣೆ, ಸೇನೆ, ಅರಣ್ಯ ಇಲಾಖೆಗಳಲ್ಲಿ ಒಂದು ತಲೆಮಾರು ಅದನ್ನು ನೋಡಿಯೇ ಬೆಳೆಯಿತು. ನಾಲ್ಕನೆಯ ತಲೆಮಾರಿನ ಜಿಮ್ನಿ 2018ರಲ್ಲಿ ಬಂದಾಗ ಯುರೋಪಿನಲ್ಲಿ ಬೇರೊಂದು ತೊಡಕು ಎದುರಾಯಿತು. ಅಲ್ಲಿ ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಇಂಗಾಲದ ಡೈಆಕ್ಸೈಡಿನ ಸರಾಸರಿ ಮಿತಿಯೊಳಗೆ ಇರಬೇಕು, ಮೀರಿದರೆ ಭಾರಿ ದಂಡ. ಡಬ್ಬದಂಥ ಆಕಾರದ ಜಿಮ್ನಿ ಆ ಸರಾಸರಿಯನ್ನು ಕೆಡಿಸುತ್ತಿತ್ತು. ಸುಝುಕಿ ಅದನ್ನು ಕಾರಾಗಿ ಮಾರುವುದನ್ನು ನಿಲ್ಲಿಸಿ, ಹಿಂದಿನ ಸೀಟು ಕಿತ್ತು, ಸರಕಿನ ಜಾಗಕ್ಕೆ ಅಡ್ಡಗಟ್ಟೆ ಹಾಕಿ, 2021ರಲ್ಲಿ ಎನ್1 ವರ್ಗದ ಸರಕು ವಾಹನವಾಗಿ ಮರಳಿ ತಂದಿತು. ಇಬ್ಬರಿಗೆ ಜಾಗ, ಹಿಂದೆ 863 ಲೀಟರು ಸಾಮಾನು. ಇತ್ತ ಗುರುಗ್ರಾಮದ ಕಾರ್ಖಾನೆಯಲ್ಲಿ ತಯಾರಾದ ಐದು ಬಾಗಿಲಿನ ಜಿಮ್ನಿ 2025ರ ಆರಂಭದಲ್ಲಿ ನೊಮೇಡ್ ಎಂಬ ಹೆಸರಿನಲ್ಲಿ ಜಪಾನಿಗೇ ಹೋಯಿತು. ಕೇ ಅಳತೆಗೆ ಅದು ದೊಡ್ಡದು. ಆದರೂ ಕೆಲವೇ ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು, ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು.

ಅಮೆರಿಕದ ಇಪ್ಪತ್ತೈದು ವರ್ಷ

ಜಗತ್ತಿನಲ್ಲಿ ಅನುಮೋದನೆಯ ಪದ್ಧತಿಗಳು ಎರಡು. ಯುರೋಪ್, ಜಪಾನ್, ಭಾರತಗಳಲ್ಲಿ ಮಾದರಿಯೊಂದನ್ನು ಸರ್ಕಾರ ಒಪ್ಪಿದ ಸಂಸ್ಥೆ ಮೊದಲು ಪರೀಕ್ಷಿಸಿ ಅನುಮೋದಿಸಬೇಕು. ಅಮೆರಿಕದಲ್ಲಿ ತಯಾರಕನೇ ತನ್ನ ವಾಹನ ನಿಯಮಕ್ಕೆ ಸರಿಯಾಗಿದೆ ಎಂದು ಘೋಷಿಸುತ್ತಾನೆ, ತಪ್ಪಿದರೆ ಆಮೇಲೆ ಹೊಣೆ ಹೊರುತ್ತಾನೆ. ವಿಶ್ವಸಂಸ್ಥೆಯ 1958ರ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ಅನುಮೋದನೆಯನ್ನು ಇನ್ನೊಬ್ಬರು ಮಾನ್ಯ ಮಾಡುತ್ತವೆ. ಅಮೆರಿಕವೂ ಭಾರತವೂ ಅದರಲ್ಲಿಲ್ಲ. ಇವೆರಡೂ ಸೇರಿರುವುದು ತಾಂತ್ರಿಕ ನಿಯಮಗಳನ್ನು ಹೊಂದಿಸುವ 1998ರ ಒಪ್ಪಂದಕ್ಕೆ. ಯುರೋಪಿನ ಹೆಡ್‌ಲೈಟು ಅಮೆರಿಕದಲ್ಲಿ ನಡೆಯದಿರುವುದಕ್ಕೆ, ಅಮೆರಿಕದ ಅಪಘಾತ ಪರೀಕ್ಷೆ ಯುರೋಪಿನಲ್ಲಿ ಲೆಕ್ಕಕ್ಕೆ ಬಾರದಿರುವುದಕ್ಕೆ ಮೂಲ ಇದು.

ತನ್ನ ನಿಯಮಕ್ಕೆ ತಕ್ಕಂತೆ ಕಟ್ಟದ ವಾಹನವನ್ನು ಅಮೆರಿಕ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. 1988ರ ಕಾಯಿದೆ ಒಂದು ಕಿಂಡಿ ಬಿಟ್ಟಿತು: ತಯಾರಾಗಿ 25 ವರ್ಷ ತುಂಬಿದ್ದರೆ ಸುರಕ್ಷತೆಯ ನಿಯಮದಿಂದ ವಿನಾಯಿತಿ. ಹೊಗೆಯ ನಿಯಮಕ್ಕೆ ಪ್ರತ್ಯೇಕವಾಗಿ 21 ವರ್ಷದ ಗೆರೆ ಇದೆ. ಲೆಕ್ಕ ತಯಾರಾದ ದಿನದಿಂದ, ಆದ್ದರಿಂದ ಜಪಾನಿನ ಬಂದರಿನಲ್ಲಿ ಡೆಲಿಕಾ ವ್ಯಾನುಗಳೂ ಯುರೋಪಿನಲ್ಲಿ ಡಿಫೆಂಡರುಗಳೂ ತಮ್ಮ ತಿಂಗಳು ತುಂಬುವುದನ್ನೇ ಕಾಯುತ್ತ ನಿಲ್ಲುತ್ತವೆ. ಕಾಯಲಾರದವರು ಕಳ್ಳದಾರಿ ಹಿಡಿದದ್ದೂ ಉಂಟು. 2014ರಲ್ಲಿ ಅಲ್ಲಿನ ಗೃಹ ಭದ್ರತಾ ಇಲಾಖೆ ವಯಸ್ಸಿನ ಅನುಮಾನದ ಮೇಲೆ 40 ಲ್ಯಾಂಡ್ ರೋವರ್ ಡಿಫೆಂಡರುಗಳನ್ನು ಒಂದೇ ಪಟ್ಟಿಗೆ ಜಪ್ತಿ ಮಾಡಿತು. ಕೆನಡಾದಲ್ಲಿ ಗೆರೆ 15 ವರ್ಷಕ್ಕೇ ಇದೆ. ಒಂದೇ ಗಡಿಯ ಎರಡು ಬದಿಗೆ ಹತ್ತು ವರ್ಷದ ಅಂತರ.

ಕೇಂದ್ರ ಸರ್ಕಾರದ ಕಿಂಡಿ ದಾಟಿ ಬಂದರೂ ನಂಬರ್ ಪ್ಲೇಟ್ ಕೊಡುವುದು ರಾಜ್ಯಗಳು. ಕೃಷಿಕರು ಪ್ರೀತಿಯಿಂದ ತರಿಸಿಕೊಳ್ಳುವ ಜಪಾನಿನ ಪುಟ್ಟ ಕೇ ಟ್ರಕ್ಕುಗಳು ಇಲ್ಲಿ ಸಿಕ್ಕಿಬಿದ್ದವು. ಮೇನ್, ಜಾರ್ಜಿಯಾದಂಥ ರಾಜ್ಯಗಳು ಒಮ್ಮೆ ಕೊಟ್ಟ ನೋಂದಣಿಯನ್ನೇ ಹಿಂತೆಗೆಯಲು ಹೊರಟವು. ಟೆಕ್ಸಸ್ ಮಾಲೀಕರ ಒತ್ತಾಯಕ್ಕೆ ಮಣಿದು 2024ರಲ್ಲಿ ನೋಂದಣಿಗೆ ಒಪ್ಪಿತು. ಕಾನೂನು ಪಾಲಿಸಿ, ಸುಂಕ ಕಟ್ಟಿ, ವಿಮೆ ಮಾಡಿಸಿ ಓಡಿಸುತ್ತಿದ್ದವರ ಕೈಯಿಂದ ಕಾಗದ ಕಸಿಯುವುದು ಅನ್ಯಾಯವೆಂದೇ ಹೇಳಬೇಕು. ಸಂಶಯವಿದ್ದರೆ ಮೊದಲ ದಿನವೇ ಹೇಳಬೇಕಿತ್ತು.

ಸುಂಕದ ಕಥೆ ಇನ್ನೂ ಹಳೆಯದು. ಕೋಳಿಮಾಂಸದ ವ್ಯಾಪಾರದ ಜಗಳದಲ್ಲಿ ಯುರೋಪಿಗೆ ಎದುರೇಟು ಕೊಡಲು ಅಮೆರಿಕ 1963ರ ಕೊನೆಯಲ್ಲಿ ಹಗುರ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಘೋಷಿಸಿತು. ಕೋಳಿಯ ಜಗಳ ಮರೆತುಹೋಯಿತು, ಸುಂಕ ಉಳಿಯಿತು. 1970ರ ದಶಕದ ಕೊನೆಗೆ ಸುಬರು ಕಂಪನಿ ಬ್ರಾಟ್ ಎಂಬ ನಾಲ್ಕೂ ಚಕ್ರ ಎಳೆಯುವ ಪುಟ್ಟ ಪಿಕಪ್ ಕಳಿಸಿದಾಗ ಅದರ ತೆರೆದ ತೊಟ್ಟಿಯಲ್ಲಿ, ಹಿಂದಕ್ಕೆ ಮುಖಮಾಡಿದ ಎರಡು ಪ್ಲಾಸ್ಟಿಕ್ ಸೀಟುಗಳನ್ನು ಬೆಸುಗೆ ಹಾಕಿತ್ತು. ಸೀಟು ಇದ್ದದ್ದರಿಂದ ಅದು ಪ್ರಯಾಣಿಕರ ವಾಹನವಾಯಿತು, ಟ್ರಕ್ಕಿನ ಸುಂಕ ತಪ್ಪಿತು.

ಮಹೀಂದ್ರ ರಾಕ್ಸರ್

ಭಾರತದ ಓದುಗರಿಗೆ ಹತ್ತಿರದ ಪ್ರಕರಣ ಇದು. 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸುವುದರಿಂದಲೇ ವಾಹನ ತಯಾರಿಕೆಗೆ ಕಾಲಿಟ್ಟ ಮಹೀಂದ್ರ, 2018ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ರಾಕ್ಸರ್ ಎಂಬ ವಾಹನವನ್ನು ಬಿಡುಗಡೆ ಮಾಡಿತು. ಉಕ್ಕಿನ ಚಾಸಿಸ್, 2.5 ಲೀಟರ್ ಡೀಸೆಲ್ ಎಂಜಿನ್, ಜೀಪಿನ ಮೈಕಟ್ಟು. ಭಾರತದ ಹೆದ್ದಾರಿಯಲ್ಲಿ ಇದರ ಒಡಹುಟ್ಟಿದ ಥಾರ್ ನಂಬರ್ ಪ್ಲೇಟ್ ಹಾಕಿಕೊಂಡು ಸಲೀಸಾಗಿ ಓಡುತ್ತಿತ್ತು. ಅಮೆರಿಕದ ರಸ್ತೆಯ ನಿಯಮಗಳಿಗೆ ತಕ್ಕಂತೆ ಕಟ್ಟಲು ಬಹಳ ಖರ್ಚು. ಹಾಗಾಗಿ ವೇಗವನ್ನು ಗಂಟೆಗೆ ಸುಮಾರು 72 ಕಿ.ಮೀ.ಗೆ ತಡೆದು, ಹೊಲ ತೋಟಗಳಲ್ಲಿ ಓಡಿಸುವ, ಇಬ್ಬರು ಪಕ್ಕಪಕ್ಕ ಕೂರುವ ಆಫ್‌ರೋಡ್ ಗಾಡಿಯೆಂದು ಮಾರಿದರು.

ಮೂಲ ಜೀಪಿನ ಹಕ್ಕುದಾರ ಫಿಯೆಟ್ ಕ್ರೈಸ್ಲರ್ ಸುಮ್ಮನಿರಲಿಲ್ಲ. ರಾಕ್ಸರಿನ ಮುಖ, ಮೈಕಟ್ಟು ಜೀಪನ್ನೇ ಹೋಲುತ್ತವೆ ಎಂದು 2018ರಲ್ಲೇ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಹೋಯಿತು. 2020ರ ಜೂನ್‌ನಲ್ಲಿ ಆಯೋಗ ದೂರನ್ನು ಎತ್ತಿಹಿಡಿಯಿತು. ಅದೇ ವರ್ಷದ ಕೊನೆಗೆ, ಮುಖ ಬದಲಿಸಿದ ಹೊಸ ಮಾದರಿಗೆ ಅಡ್ಡಿಯಿಲ್ಲ ಎಂದಿತು. ಬ್ರೇಕು, ಹೊಗೆ, ಸುಂಕಗಳನ್ನು ದಾಟಿ ಬಂದ ವಾಹನ ಮುಖಲಕ್ಷಣದ ಮೇಲೆ ಗಡಿಯಲ್ಲಿ ನಿಂತದ್ದು ಈ ಕ್ಷೇತ್ರದಲ್ಲಿ ಅಪರೂಪ.

ಮಣ್ಣು ಮತ್ತು ಕೀಟ

ಆಸ್ಟ್ರೇಲಿಯಾ 2021ರಲ್ಲಿ ಹೊಸ ಕಾಯಿದೆ ಪೂರ್ತಿ ಜಾರಿಗೆ ಬಂದಾಗಿನಿಂದ 25 ವರ್ಷ ದಾಟಿದ ವಾಹನಗಳಿಗೆ ಬಾಗಿಲು ತೆರೆದಿದೆ. ಆದರೆ ಆಫ್‌ರೋಡ್ ವಾಹನದವರಿಗೆ ಅಲ್ಲಿ ಹೆಚ್ಚು ಕಾಟ ಕೊಡುವುದು ಕೆಸರು. ಚಾಸಿಸ್ಸಿನ ಟೊಳ್ಳು ಕೊಳವೆಯೊಳಗೆ, ಸ್ಪ್ರಿಂಗ್ ಪಟ್ಟಿಗಳ ಸಂದಿಯಲ್ಲಿ ಹಿಡಿಯಷ್ಟು ಮಣ್ಣೋ ಹುಲ್ಲಿನ ಬೀಜವೋ ಉಳಿದಿದ್ದರೆ ಜೈವಿಕ ಸುರಕ್ಷತೆಯ ಅಧಿಕಾರಿಗಳು ವಾಹನವನ್ನು ತಡೆದು, ಮಾಲೀಕನ ಖರ್ಚಿನಲ್ಲಿ ತೊಳೆಸುತ್ತಾರೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ವಾಹನದ ಸಂದುಗಳಲ್ಲಿ ಅಡಗಿ ಬರುವ ಒಂದು ಜಾತಿಯ ನಾರುವ ತಿಗಣೆಯ ಭಯದಿಂದ, ಅಪಾಯದ ಪಟ್ಟಿಯಲ್ಲಿರುವ ದೇಶಗಳ ಸರಕಿಗೆ ಶಾಖ ಇಲ್ಲವೇ ಹೊಗೆ ಕೊಡಿಸಿರಬೇಕು. ಕಲ್ನಾರಿಗೆ 2003ರ ಕೊನೆಯಿಂದ ಅಲ್ಲಿ ಪೂರ್ಣ ನಿಷೇಧ. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು, ಗ್ಯಾಸ್ಕೆಟ್‌ಗಳಲ್ಲಿ ಅದು ಹೆಚ್ಚಾಗಿ ಇರುತ್ತದಾದ್ದರಿಂದ ಹಡಗು ಹತ್ತಿಸುವ ಮೊದಲೇ ಬಿಚ್ಚಿ ಬದಲಿಸುವುದು ಜಾಣತನ.

ತಾತ್ಕಾಲಿಕ ಪ್ರವೇಶ

ಬೇರೆ ದೇಶಕ್ಕೆ ಪ್ರವಾಸ ಹೋಗಿ ಮರಳುವವರಿಗೆ ಕಾರ್ನೆ ಎಂಬ ಕಸ್ಟಮ್ಸ್ ಪುಸ್ತಕವಿದೆ. ಮೋಟಾರು ಕ್ಲಬ್ಬುಗಳು ಠೇವಣಿ ಇಟ್ಟುಕೊಂಡು ಇದನ್ನು ಕೊಡುತ್ತವೆ. ಭಾರತದಲ್ಲಿ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತ ಬಂದಿದೆ. ಇದರ ಒಂದೊಂದು ಹಾಳೆಗೂ ಮೂರು ಭಾಗ: ಒಳಬರುವಾಗ ಒಂದು ಚೀಟಿಯನ್ನು ಕಸ್ಟಮ್ಸ್‌ನವರು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ಇನ್ನೊಂದನ್ನು, ಮೂರನೆಯದು ಎರಡೂ ಮುದ್ರೆ ಹೊತ್ತು ಪುಸ್ತಕದಲ್ಲೇ ಉಳಿಯುತ್ತದೆ. ಹೊರಹೋದ ಮುದ್ರೆ ಇಲ್ಲದಿದ್ದರೆ ವಾಹನವನ್ನು ಅಲ್ಲೇ ಮಾರಿದ್ದೀರಿ ಎಂದು ಲೆಕ್ಕ, ಠೇವಣಿಗೆ ಕುತ್ತು. ಎಂಜಿನ್ ನಂಬರು, ಬಣ್ಣಗಳ ಜೊತೆಗೆ ಸ್ಟೆಪ್ನಿ ಎಷ್ಟು, ರೇಡಿಯೊ ಇದೆಯೇ ಎಂಬುದನ್ನೂ ಅದರಲ್ಲಿ ಬರೆದಿರುತ್ತಾರೆ. ನೇಪಾಳಕ್ಕೆ ಹೋಗುವ ಭಾರತೀಯ ವಾಹನಗಳಿಗೆ ಇದು ಬೇಡ, ಗಡಿಯಲ್ಲಿ ಭನ್ಸಾರ್ ಚೀಟಿ ಮಾಡಿಸಿದರೆ ಸಾಕು. ಹೊರದೇಶದ ಖಾಸಗಿ ವಾಹನಗಳು ಭಾರತಕ್ಕೆ ಬಂದಾಗ ಪಾಲಿಸಬೇಕಾದ ನಿಯಮಗಳು 2022ರಲ್ಲಿ ಪ್ರತ್ಯೇಕವಾಗಿ ಪ್ರಕಟವಾದವು.

ಭಾರತ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ರಸ್ತೆಯಲ್ಲಿ ಬಳಸಲು ತಕ್ಕುದಾದ, ಯಂತ್ರಬಲದಿಂದ ಚಲಿಸುವುದೆಲ್ಲ ಮೋಟಾರು ವಾಹನ. ಕಾರ್ಖಾನೆ ಅಥವಾ ಬೇರೆ ಆವರಣದೊಳಗೆ ಮಾತ್ರ ಬಳಸುವ ವಿಶೇಷ ಬಗೆಯ ವಾಹನ ಇದಕ್ಕೆ ಹೊರತು. ನೋಂದಣಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಡಿಸಬಾರದು ಎಂಬುದು 39ನೇ ಸೆಕ್ಷನ್. ಹೊಸ ಮಾದರಿಯನ್ನು ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷಿಸಬೇಕೆಂದು 1989ರ ಕೇಂದ್ರ ನಿಯಮಾವಳಿ ಹೇಳುತ್ತದೆ. ಜೆ.ಸಿ.ಬಿ.ಯಂಥ ಯಂತ್ರಗಳಿಗೆ ನಿಯಮಾವಳಿಯಲ್ಲಿ ಬೇರೆಯೇ ಗೂಡು: ರಸ್ತೆಯಲ್ಲಿ ಓಡುವುದು ಅವಕ್ಕೆ ಪ್ರಾಸಂಗಿಕ, ವೇಗ ಗಂಟೆಗೆ 50 ಕಿ.ಮೀ. ಮೀರಬಾರದು.

ಎ.ಟಿ.ವಿ.ಗಳಿಗೆ ಇಂಥ ಗೂಡಿಲ್ಲ. ರೆಸಾರ್ಟು, ಎಸ್ಟೇಟುಗಳ ಬೇಲಿಯೊಳಗೆ ಅವು ಓಡುತ್ತವೆ. ಪೊಲಾರಿಸ್ ಕಂಪನಿ ಯುರೋಪಿನಂತೆ ಇಲ್ಲಿಯೂ ಟ್ರ್ಯಾಕ್ಟರಿನ ಬಾಗಿಲು ತಟ್ಟಿ, ಸ್ಪೋರ್ಟ್ಸ್‌ಮನ್ 570 ಎಂಬ ಮಾದರಿಯನ್ನು ಕೃಷಿ ಟ್ರ್ಯಾಕ್ಟರಾಗಿ ನೋಂದಾಯಿಸಬಲ್ಲ ರೂಪದಲ್ಲಿ ಮಾರಿತು. ಉಳಿದವುಗಳು ಗೇಟು ದಾಟಿ ಊರ ರಸ್ತೆಗೆ ಬಂದಾಗಲೇ ತೊಂದರೆ. ನೋಂದಣಿ ಇಲ್ಲದ ವಾಹನಕ್ಕೆ ಮೂರನೆಯವರ ವಿಮೆಯೂ ಇರುವುದಿಲ್ಲ. ದಾರಿಬದಿಯಲ್ಲಿ ನಡೆದು ಹೋಗುತ್ತಿದ್ದ ಶಾಲೆಯ ಮಗುವಿಗೋ ಕೂಲಿಯಾಳಿಗೋ ಪೆಟ್ಟಾದರೆ ಪರಿಹಾರ ಕೊಡಲು ವಿಮಾ ಕಂಪನಿ ಎಂಬುದೇ ಇಲ್ಲ. ನೋಂದಣಿಯನ್ನು ತೆರಿಗೆ ವಸೂಲಿಯ ಉಪಾಯವೆಂದು ಮಾತ್ರ ಕಾಣುವವರು ಈ ಮಗುವನ್ನು ನೆನೆಯಬೇಕು. ಎ.ಟಿ.ವಿ.ಗೆ ಕಾನೂನಿನಲ್ಲಿ ತನ್ನದೇ ಒಂದು ಗೂಡು ಬೇಕಾಗಿರುವುದು ಹವ್ಯಾಸಿಗಳ ಖುಷಿಗಿಂತ ಹೆಚ್ಚಾಗಿ ಇದಕ್ಕಾಗಿ.

ಬಳಸಿದ ವಾಹನದ ಆಮದು ಭಾರತದಲ್ಲಿ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬಯಿ ಬಂದರಿನಲ್ಲೇ ಇಳಿಯಬೇಕು. ದುಬೈ, ಕುವೈತ್, ಕತಾರ್‌ಗಳಲ್ಲಿ ದುಡಿದು ಮಂಗಳೂರು, ಉಡುಪಿ, ಭಟ್ಕಳದ ಕಡೆಗೆ ಮರಳುವವರು ಮರಳುಗಾಡಿನಲ್ಲಿ ಓಡಿಸಿದ ಪಟ್ರೋಲ್, ಲ್ಯಾಂಡ್ ಕ್ರೂಸರುಗಳನ್ನು ಅಲ್ಲೇ ಮಾರಿ ಬರುವುದಕ್ಕೆ ಇದೂ ಒಂದು ಕಾರಣ: ಕೊಲ್ಲಿಯ ವಾಹನಗಳ ಸ್ಟೀರಿಂಗ್ ಎಡಗಡೆ. ಹೊಸ ವಾಹನಗಳಿಗೆ 2018ರಲ್ಲಿ ನಿಯಮ ಸಡಿಲವಾಗಿ, ಯುರೋಪ್ ಅಥವಾ ಜಪಾನಿನಂಥ ಕಡೆಯ ಅನುಮೋದನೆ ಇದ್ದರೆ ಇಲ್ಲಿನ ಮಾದರಿ ಪರೀಕ್ಷೆಯಿಲ್ಲದೆ ಒಂದು ಕಂಪನಿ ವರ್ಷಕ್ಕೆ 2,500ರವರೆಗೆ ತರಬಹುದು. 50 ವರ್ಷ ದಾಟಿದ ಹಳೆಯ ವಾಹನಗಳಿಗೆ 2021ರಿಂದ ಪ್ರತ್ಯೇಕ ನೋಂದಣಿ ಇದೆ. ನಂಬರಿನ ನಡುವೆ ವಿ.ಎ. ಎಂಬ ಅಕ್ಷರಗಳು ಬರುತ್ತವೆ, ಶುಲ್ಕ 20,000 ರೂಪಾಯಿ.

ಸೇನೆಯ ವಾಹನಗಳು ಈ ಗೊಂದಲಗಳಿಗೆ ಹೊರಗೆ. ಮೋಟಾರು ವಾಹನ ಕಾಯಿದೆಯ 60ನೇ ಸೆಕ್ಷನ್ನಿನ ಪ್ರಕಾರ ರಕ್ಷಣಾ ವಾಹನಗಳ ನೋಂದಣಿ ಬೇರೆಯೇ. ಮೇಲ್ಮುಖ ಬಾಣದ ಗುರುತಿನ ನಂಬರ್ ಪ್ಲೇಟು ಅವುಗಳದ್ದು. ಶೆರ್ಪ್ ಬಗೆಯದೇ ಆದ ಆಟರ್ ಎನ್1200 ವಾಹನಗಳನ್ನು ಜೆ.ಎಸ್.ಡಬ್ಲ್ಯು. ಗೆಕೊ ಕಂಪನಿ ಸೇನೆಗೆ ಒದಗಿಸಿದೆ. ಅದು ಕಾರೋ ಟ್ರ್ಯಾಕ್ಟರೋ ದೋಣಿಯೋ ಎಂದು ಯಾವ ಆರ್.ಟಿ.ಒ. ಕಚೇರಿಯೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸೇನೆಯ ವಾಹನ ಹರಾಜಾಗಿ ಹೊರಬಂದಾಗ ಮಾತ್ರ ಆರ್.ಟಿ.ಒ. ಮೆಟ್ಟಿಲು ತಪ್ಪದು. ಕರ್ನಾಟಕದಲ್ಲಿ ಡಿಸ್ಪೋಸಲ್ ಜೀಪು ಎಂದು ಕರೆಸಿಕೊಳ್ಳುವ ಇವುಗಳಲ್ಲಿ ಹೆಚ್ಚು ಅಭಿಮಾನ ಗಳಿಸಿದ್ದು ಜೋಂಗಾ. ನಿಸ್ಸಾನ್ ಪಟ್ರೋಲಿನ ವಿನ್ಯಾಸದ ಮೇಲೆ ಜಬಲ್ಪುರದಲ್ಲಿ ತಯಾರಾದ ಇದು ಮೂರು ದಶಕ ಸೇನೆಯಲ್ಲಿ ದುಡಿಯಿತು. ಕೊಂಡವರಲ್ಲಿ ಅನೇಕರು ಪೆಟ್ರೋಲಿನ ಖರ್ಚು ತಾಳದೆ ಡೀಸೆಲ್ ಎಂಜಿನ್ ಕೂರಿಸುತ್ತಾರೆ, ಅಲ್ಲಿಂದ 52ನೇ ಸೆಕ್ಷನ್ನಿನ ಕಾಟ ಆರಂಭ. ತಯಾರಕ ಗೊತ್ತುಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದ ಮೇಲೆ ಎತ್ತರಿಸಿದ ಜೀಪು, ದಪ್ಪ ಟೈರುಗಳ ಮೇಲೂ ಕಣ್ಣು ಬಿದ್ದಿದೆ.

ನೋಂದಣಿಗೆ ಬೇಕಾದ ಕಾಗದಗಳನ್ನು ಕೇಂದ್ರ ನಿಯಮಾವಳಿಯ 47ನೇ ನಿಯಮ ಪಟ್ಟಿ ಮಾಡುತ್ತದೆ: ಸೇನೆಯಿಂದ ಬಂದದ್ದಾದರೆ ನಮೂನೆ 21ರಲ್ಲಿ ಮೂಲ ಮಾರಾಟ ಪತ್ರ, ಹೊರದೇಶದ್ದಾದರೆ ಕಸ್ಟಮ್ಸ್ ಬಿಡುಗಡೆ ಪತ್ರ. ಆಮೇಲೆ ವಾಹನವನ್ನೇ ಕಚೇರಿಯ ಅಂಗಳಕ್ಕೆ ತರಬೇಕು. ಹಳಬರು ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಅಧಿಕಾರಿ ಸುತ್ತ ನೋಡುತ್ತಾರೆ. ಚಾಸಿಸ್ಸಿನ ಪಟ್ಟಿಯ ಮೇಲಿನ ಗ್ರೀಸು, ಪೇಂಟಿನ ಪದರಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಕೆತ್ತಿದ ಅಂಕಿಗಳ ಮೇಲೆ ತೆಳು ಕಾಗದ ಒತ್ತಿಹಿಡಿದು, ಪೆನ್ಸಿಲ್ಲನ್ನು ಮಲಗಿಸಿ ಉಜ್ಜಬೇಕು. ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಒಂದೊಂದಾಗಿ ಎದ್ದುಬರುತ್ತವೆ. ಹರಾಜಿನ ಪತ್ರದಲ್ಲಿರುವ ನಂಬರೂ ಈ ಅಚ್ಚೂ ಕೂಡಬೇಕು. ಮೂರೋ ಎಂಟೋ ತಿಳಿಯದಷ್ಟು ತುಕ್ಕು ತಿಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಜೋಂಗಾ ಹಗ್ಗ ಕಟ್ಟಿಸಿಕೊಂಡು ಮನೆಗೆ ಮರಳುತ್ತದೆ.